ಚಾಪೆ ಕೆಳಗೊಬ್ಬ, ರಂಗೋಲಿ ಕೆಳಗೊಬ್ಬ

ಪೀಣ್ಯದ ಒಂದು ಸಣ್ಣ ಫ್ಯಾಕ್ಟರಿಯಲ್ಲಿ ನಾನು ಎಕ್ಸ್‌ಪೋರ್ಟ್ ಕಾಗದಪತ್ರ ನೋಡಿಕೊಳ್ಳುತ್ತಿದ್ದ ಕಾಲದ ಮಾತು ಇದು. ಇನ್ವಾಯ್ಸ್ ಮಾಡು, ಪ್ಯಾಕಿಂಗ್ ಲಿಸ್ಟ್ ಮಾಡು, ಶಿಪ್ಪಿಂಗ್ ಬಿಲ್ಲಿಗಾಗಿ ಕಸ್ಟಮ್ಸ್ ಏಜೆಂಟ್ (ಸಿಎಚ್‌ಎ) ಹಿಂದೆ ಬೀಳು, ಬ್ಯಾಂಕಿಗೆ ಓಡು. ಒಂದು ಬೆಳಿಗ್ಗೆ ದುಬೈನ ಟ್ರೇಡರ್ ಒಬ್ಬನಿಂದ ಮೇಲ್ ಬಂತು. ಹೈಡ್ರಾಲಿಕ್ ವಾಲ್ವಿನ ಬಿಡಿಭಾಗ ಬೇಕು, ಎರಡು ಪ್ಯಾಲೆಟ್ ಆಗುವಷ್ಟು. ಹೊಸ ಪಾರ್ಟಿ. ರೇಟಿನಲ್ಲಿ ಚೌಕಾಸಿಯೇ ಇಲ್ಲ, ಅರ್ಧ ದುಡ್ಡು ಅಡ್ವಾನ್ಸ್ ಕೊಡುತ್ತೇನೆ ಅನ್ನುತ್ತಾನೆ. ಚೌಕಾಸಿ ಮಾಡದ ಗಿರಾಕಿಯನ್ನು ಕಂಡರೆ ನನಗೆ ಮೊದಲಿಂದಲೂ ಭಯ. ಮೇಲಿನ ಕೊನೆಗೆ ಇನ್ನೆರಡು ಮಾತು ಇತ್ತು. ಪೆಟ್ಟಿಗೆ ಮೇಲೆ ಯಾವ ದೇಶದ ಹೆಸರೂ ಹಾಕಬೇಡಿ. ಬಿಎಲ್ ಅನ್ನು ನಾವು ಇಲ್ಲಿ ಸ್ವಿಚ್ ಮಾಡಿಕೊಳ್ಳುತ್ತೇವೆ. ಬಿಎಲ್ ಅಂದರೆ ಹಡಗಿನವರು ಕೊಡುವ ಸರಕಿನ ರಸೀದಿ, ಸ್ವಿಚ್ ಅಂದರೆ ಅದನ್ನು ತೆಗೆದು ಬೇರೆ ವಿವರದ ಹೊಸದು ಮಾಡಿಸುವುದು.

ನಾನು ಓನರ್ ಹತ್ತಿರ ಹೋದೆ.

"ಸರ್, ಇದು ದುಬೈಯಲ್ಲಿ ಇಳಿಯೋ ಮಾಲಲ್ಲ ಅನ್ಸುತ್ತೆ. ಅಲ್ಲಿಂದ ಇರಾನಿನ ಬಂದರ್ ಅಬ್ಬಾಸ್‌ಗೆ ಹೋಗುತ್ತೆ."

"ನಾವು ಎಲ್ಲಿಗೆ ಕಳಿಸ್ತಾ ಇರೋದು?"

"ದುಬೈಗೆ ಸರ್."

"ಸ್ಕೋಮೆಟ್ ಲಿಸ್ಟಲ್ಲಿ ಇದ್ಯಾ ಈ ಐಟಮ್ಮು?" ಸ್ಕೋಮೆಟ್ ಅಂದರೆ ಪರವಾನಗಿ ಇಲ್ಲದೆ ರಫ್ತು ಮಾಡಬಾರದ ವಸ್ತುಗಳ ಸರ್ಕಾರಿ ಪಟ್ಟಿ.

"ಇಲ್ಲ ಸರ್."

"ದುಬೈಗೆ ಕಳಿಸಬಾರದು ಅಂತ ಎಲ್ಲಾದ್ರೂ ಬರೆದಿದ್ಯಾ?"

"ಇಲ್ಲ ಸರ್."

"ಮತ್ತೆ?"

ಆ "ಮತ್ತೆ?" ನನ್ನ ತಲೆಯಲ್ಲಿ ಹಾಗೇ ಕೂತುಬಿಟ್ಟಿತು. ಆ ಆರ್ಡರ್ ಏನಾಯಿತು ಅಂತ ಆಮೇಲೆ ಹೇಳುತ್ತೇನೆ. ಆದರೆ ಅವತ್ತು ಶುರುವಾದ ಹುಚ್ಚು ಇನ್ನೂ ಬಿಟ್ಟಿಲ್ಲ. ನಿರ್ಬಂಧಕ್ಕೆ ಒಳಗಾದ ಇರಾನಿನಂಥ ದೇಶದ ಜೊತೆ ಕಂಪನಿಗಳು ಹೇಗೆ ವ್ಯಾಪಾರ ಮಾಡುತ್ತವೆ, ಅದೂ ಕಾನೂನು ಮುರಿಯದೆ, ಅಂತ ಸಿಕ್ಕಿದ್ದೆಲ್ಲ ಓದುವ ಹುಚ್ಚು. ಗಾದೆ ಇದೆಯಲ್ಲ, ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಅಂತ. ಕಾನೂನು ಬರೆಯುವವರಿಗೂ ತಪ್ಪಿಸಿಕೊಳ್ಳುವವರಿಗೂ ನಡೆಯುವ ಆಟ ಅಷ್ಟೇ ಅಂತ ನಾನೂ ಅಂದುಕೊಂಡಿದ್ದೆ. ಓದುತ್ತಾ ಹೋದ ಹಾಗೆ ಕಂಡಿದ್ದು ಬೇರೆ. ಎಷ್ಟೋ ಸಲ ಚಾಪೆಯ ಮೂಲೆಯನ್ನು ಎತ್ತಿ ಹಿಡಿದುಕೊಂಡು ನಿಂತಿದ್ದವರು ಕಾನೂನು ಬರೆದವರೇ.

ಇದಕ್ಕೆ ನಾನು ಯಾವಾಗಲೂ ಕೊಡುವ ಉದಾಹರಣೆ ಹ್ಯಾಲಿಬರ್ಟನ್. ಟೆಕ್ಸಸ್‌ನ ಹ್ಯೂಸ್ಟನ್‌ನಲ್ಲಿರುವ ದೊಡ್ಡ ಕಂಪನಿ, ತೈಲ ಬಾವಿಗಳ ಕೆಲಸ ಅದರ ಕಸುಬು. 1995ರ ಮೇ ತಿಂಗಳಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ಇರಾನ್ ಜೊತೆಗಿನ ಅಮೆರಿಕದ ವ್ಯಾಪಾರವನ್ನೆಲ್ಲ ನಿಲ್ಲಿಸಿ ಆದೇಶ ಹೊರಡಿಸಿದರು. ಅದಕ್ಕೆ ಎರಡು ತಿಂಗಳ ಮುಂಚೆ ಕೊನೊಕೊ ಅನ್ನುವ ಅಮೆರಿಕನ್ ಕಂಪನಿ ಇರಾನಿನ ಸಿರ್ರಿ ದ್ವೀಪದ ಹತ್ತಿರದ ತೈಲಕ್ಕೆ ಸುಮಾರು 100 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡಿತ್ತು. ಅದು ಬಿದ್ದುಹೋಯಿತು. ಕೆಲವೇ ತಿಂಗಳಲ್ಲಿ ಫ್ರಾನ್ಸಿನ ಟೋಟಾಲ್ ಬಂದು ಅದೇ ಕೆಲಸ ಎತ್ತಿಕೊಂಡಿತು. ಅಮೆರಿಕದ ಕಂಪನಿಗಳಿಗೆ ಹೊಟ್ಟೆ ಉರಿಯದೆ ಇರುತ್ತಾ?

ಹಾಗಿದ್ದರೂ ಮುಂದಿನ ಎಷ್ಟೋ ವರ್ಷ ಇರಾನಿನಲ್ಲಿ ಹ್ಯಾಲಿಬರ್ಟನ್ ಹೆಸರಿನ ಕಂಪನಿಯೊಂದು ಕೆಲಸ ಮಾಡುತ್ತಲೇ ಇತ್ತು. ಕದ್ದುಮುಚ್ಚಿ ಅಲ್ಲ. ಹ್ಯಾಲಿಬರ್ಟನ್ ಪ್ರಾಡಕ್ಟ್ಸ್ ಆ್ಯಂಡ್ ಸರ್ವಿಸಸ್ ಲಿಮಿಟೆಡ್ ಅಂತ ಹೆಸರು, ಕೇಮನ್ ದ್ವೀಪದಲ್ಲಿ ನೋಂದಣಿ, ದುಬೈಯಲ್ಲಿ ಆಫೀಸು. 2004ರ ಜನವರಿಯಲ್ಲಿ ಸಿಬಿಎಸ್ ಟಿವಿಯವರು ಆ ಕೇಮನ್ ವಿಳಾಸ ಹುಡುಕಿಕೊಂಡು ಹೋದರು. ಅಲ್ಲಿ ಸಿಕ್ಕಿದ್ದು ಒಂದು ಬ್ಯಾಂಕು. ಕಂಪನಿಗೆ ಆಫೀಸೂ ಇಲ್ಲ, ನೌಕರರೂ ಇಲ್ಲ. ಅದರ ಹೆಸರಿಗೆ ಪತ್ರ ಬಂದರೆ ಏನು ಮಾಡುತ್ತೀರಿ ಅಂದರೆ, ಹ್ಯೂಸ್ಟನ್‌ಗೆ ಕಳಿಸುತ್ತೇವೆ ಅಂದರಂತೆ. ದುಬೈಗೆ ಹೋದರೆ ಅಲ್ಲಿ ಇನ್ನೊಂದು ಹ್ಯಾಲಿಬರ್ಟನ್ ವಿಭಾಗದ ಜೊತೆ ಜಾಗವೂ ಒಂದೇ, ಫೋನು ಫ್ಯಾಕ್ಸೂ ಒಂದೇ. ವರ್ಷಕ್ಕೆ ಸುಮಾರು 4 ಕೋಟಿ ಡಾಲರ್ ವ್ಯವಹಾರ ಇರಾನ್ ಸರ್ಕಾರದ ಜೊತೆ. 1995ರಿಂದ 2000ದವರೆಗೆ ಹ್ಯಾಲಿಬರ್ಟನ್ ಮುಖ್ಯಸ್ಥರಾಗಿದ್ದ ಡಿಕ್ ಚೆನಿ ಆ ಹೊತ್ತಿಗೆ ದೇಶದ ಉಪಾಧ್ಯಕ್ಷರಾಗಿದ್ದರು. ಅವರ ಸರ್ಕಾರ ಇರಾನನ್ನು ದುಷ್ಟಕೂಟ ಅಂತ ಕರೆಯುತ್ತಿತ್ತು. ನೀವು ಕಥೆ ಬರೆದರೂ ಇಷ್ಟು ನೇರವಾಗಿ ಬರೆಯುವುದಿಲ್ಲ.

ಇದು ಅಪರಾಧವಾ? ಕಂಪನಿ ಅಲ್ಲ ಅಂದಿತು, ಕಾನೂನು ಓದಿದವರೂ ಅಷ್ಟು ಸುಲಭವಾಗಿ ಹೌದು ಅನ್ನಲಿಲ್ಲ. ಯಾಕೆ ಅಂತ ಸ್ವಲ್ಪ ನಿಧಾನವಾಗಿ ನೋಡಬೇಕು, ಇಲ್ಲೇ ಎಲ್ಲ ಇರುವುದು.

ಅಮೆರಿಕದ ನಿರ್ಬಂಧಗಳು ಹೆಚ್ಚಾಗಿ ನಿಂತಿರುವುದು 1977ರ ಒಂದು ತುರ್ತು ಅಧಿಕಾರ ಕಾನೂನಿನ ಮೇಲೆ. ಇರಾನ್ ನಿಯಮಗಳು ಕಟ್ಟಿಹಾಕುತ್ತಿದ್ದದ್ದು 'ಅಮೆರಿಕದ ವ್ಯಕ್ತಿ'ಯನ್ನು. ಅಂದರೆ ಅಲ್ಲಿಯ ಪ್ರಜೆಗಳು, ಗ್ರೀನ್ ಕಾರ್ಡ್ ಇರುವವರು, ಅಮೆರಿಕದ ನೆಲದ ಮೇಲಿರುವವರು, ಅಲ್ಲಿಯ ಕಾನೂನಿನಡಿ ಹುಟ್ಟಿದ ಕಂಪನಿಗಳು, ಮತ್ತು ಆ ಕಂಪನಿಗಳ ವಿದೇಶಿ ಶಾಖೆಗಳು. ಶಾಖೆ ಅಂದರೆ ಸಿಕ್ಕಿಬಿದ್ದಿರಿ. ಆದರೆ ಅದೇ ಆಫೀಸನ್ನು ಅದೇ ಜನರ ಜೊತೆ ಬೇರೆ ದೇಶದಲ್ಲಿ ಅಂಗಸಂಸ್ಥೆ ಅಂತ ನೋಂದಣಿ ಮಾಡಿಸಿಬಿಟ್ಟರೆ ಅದು ವಿದೇಶಿ ಕಂಪನಿ. ನೂರಕ್ಕೆ ನೂರು ಷೇರು ಹ್ಯೂಸ್ಟನ್‌ನವರದೇ ಇದ್ದರೂ ವಿದೇಶಿ ಕಂಪನಿಯೇ. ಲಾಭ ಮನೆಗೆ ಬರಬಹುದು, ಹೊಣೆ ಬರುವ ಹಾಗಿಲ್ಲ. ಬೇರೆ ಮನೆ ಮಾಡಿದ ಮಗ ಅಪ್ಪನ ಅಂಗಡಿಯ ಗಲ್ಲಾಪೆಟ್ಟಿಗೆ ಮುಂದೆ ಕೂತು, ಸಾಲಗಾರರು ಬಂದಾಗ ಮಾತ್ರ ನಾವು ಪಾಲಾಗಿದ್ದೀವಲ್ಲ ಅನ್ನುವ ಹಾಗೆ.

ಒಂದು ಷರತ್ತು ಮಾತ್ರ ಇತ್ತು. ಅಮೆರಿಕದವರು ಆ ವ್ಯವಹಾರಕ್ಕೆ ಒಪ್ಪಿಗೆ ಕೊಡಬಾರದು, ನೆರವಾಗಬಾರದು. ಹಾಗಾಗಿ ಕಂಪನಿಗಳಲ್ಲಿ ಒಂದು ವಿಚಿತ್ರ ಮಡಿ ಶುರುವಾಯಿತು. ಇರಾನ್ ಫೈಲು ಬಂದರೆ ಅಮೆರಿಕನ್ ಪಾಸ್‌ಪೋರ್ಟ್ ಇದ್ದವರು ಮುಟ್ಟುವ ಹಾಗಿಲ್ಲ, ಆ ಮಾತು ಬಂದರೆ ಮೀಟಿಂಗಿನಿಂದ ಎದ್ದು ಹೋಗಬೇಕು ಅಂತ ವಕೀಲರು ನಿಯಮ ಬರೆದುಕೊಟ್ಟರು. ಒಳಗೆ ಉಳಿದ ಬ್ರಿಟಿಷರೋ ಇಟಲಿಯವರೋ ಸಹಿ ಹಾಕುತ್ತಿದ್ದರು. ಮಡಿ ಕೆಡಲಿಲ್ಲ, ಊಟವೂ ಆಯಿತು.

ಇದನ್ನು ಕಾನೂನು ಬರೆಯುವಾಗ ಮರೆತುಬಿಟ್ಟರು ಅಂತ ಹೇಳಿದರೆ ನಾನು ನಂಬುವುದಿಲ್ಲ. ಯಾಕೆಂದರೆ ಕ್ಯೂಬಾ ವಿಷಯದಲ್ಲಿ ಅದೇ ಸರ್ಕಾರ ಅಂಗಸಂಸ್ಥೆಗಳನ್ನೂ ಸೇರಿಸಿಯೇ ನಿಯಮ ಬರೆದಿತ್ತು, ಅದೂ 1963ರಲ್ಲೇ. ಆಮೇಲೆ ಲೈಸೆನ್ಸ್ ಕೊಟ್ಟು ಅವುಗಳನ್ನು ಬಿಡುತ್ತಿದ್ದರು. 1992ರ ಕಾನೂನಿನಲ್ಲಿ ಅದನ್ನೂ ನಿಲ್ಲಿಸಿದರು. ಅಂದರೆ ಕಿಂಡಿ ಮುಚ್ಚುವುದು ಹೇಗೆ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. 1995ರಲ್ಲಿ ಇರಾನ್ ಆದೇಶ ಬರೆಯುವಾಗ ಬೇಕಂತಲೇ ಬಿಟ್ಟರು.

ಬಿಡುವುದಕ್ಕೆ ಒಂದು ಕಾರಣವೂ ಇತ್ತು, ಅದು ಪೂರ್ತಿ ಸುಳ್ಳಲ್ಲ. ಬೇರೆ ದೇಶದ ನೆಲದಲ್ಲಿ, ಆ ದೇಶದ ಕಾನೂನಿನಡಿ ಹುಟ್ಟಿದ ಕಂಪನಿಗೆ ನೀನು ಹೀಗೆ ಮಾಡಬೇಡ ಅನ್ನಲು ವಾಷಿಂಗ್ಟನ್ ಯಾರು? 1997ರಲ್ಲಿ ಕೆನಡಾದಲ್ಲಿ ನಡೆದ ಪೈಜಾಮಾ ಜಗಳ ನೋಡಿ. ವಾಲ್‌ಮಾರ್ಟ್‌ನ ಕೆನಡಾ ಅಂಗಡಿಗಳಲ್ಲಿ ಕ್ಯೂಬಾದಲ್ಲಿ ಹೊಲಿದ ಪೈಜಾಮಾಗಳು ಸಿಕ್ಕವು. ಅಮೆರಿಕದ ಕಾನೂನಿಗೆ ಹೆದರಿ ಕಪಾಟಿನಿಂದ ತೆಗೆಸಿದರು. ಆದರೆ ಕೆನಡಾದಲ್ಲಿ, ಅಮೆರಿಕದ ಕ್ಯೂಬಾ ನಿರ್ಬಂಧವನ್ನು ಪಾಲಿಸಿದರೇ ಅಪರಾಧ ಅನ್ನುವ ಕಾನೂನಿದೆ, 15 ಲಕ್ಷ ಕೆನಡಾ ಡಾಲರ್‌ವರೆಗೆ ದಂಡ. ಮಾರಿದರೆ ಅಲ್ಲಿ ದಂಡ, ಮಾರದಿದ್ದರೆ ಇಲ್ಲಿ ದಂಡ. ಕೊನೆಗೆ ಪೈಜಾಮಾಗಳು ಕಪಾಟಿಗೆ ವಾಪಸ್ ಬಂದವು. ಪಾಪ, ಮಲಗುವಾಗ ಹಾಕಿಕೊಳ್ಳುವ ಬಟ್ಟೆ.

ಹಾಗಂತ ಅಂಗಸಂಸ್ಥೆಯ ಉಪಾಯ ಅಮೆರಿಕದವರು ಕಂಡುಹಿಡಿದದ್ದೇನೂ ಅಲ್ಲ. 1965ರ ನವೆಂಬರ್‌ನಲ್ಲಿ ರೊಡೇಷಿಯಾದ (ಈಗಿನ ಜಿಂಬಾಬ್ವೆ) ಬಿಳಿಯರ ಸರ್ಕಾರ ತಾನೇ ಸ್ವತಂತ್ರ ಅಂತ ಘೋಷಿಸಿಕೊಂಡಿತು. ಬ್ರಿಟನ್ ತೈಲ ನಿಲ್ಲಿಸಿತು. ಮೊಜಾಂಬಿಕ್‌ನ ಬೈರಾ ಬಂದರಿನ ಹೊರಗೆ ಬ್ರಿಟಿಷ್ ನೌಕಾಪಡೆಯ ಹಡಗುಗಳು 1966ರಿಂದ 1975ರವರೆಗೆ ಕಾವಲು ತಿರುಗಿದವು. ಒಂಬತ್ತು ವರ್ಷ! ಅದೇ ಹೊತ್ತಿನಲ್ಲಿ ಕೆಳಗೆ ದಕ್ಷಿಣದ ಲೊರೆನ್ಸೊ ಮಾರ್ಕ್ವೆಸ್ ಬಂದರಿನಿಂದ ರೈಲಿನಲ್ಲಿ ರೊಡೇಷಿಯಾಕ್ಕೆ ತೈಲ ಹೋಗುತ್ತಿತ್ತು, ಅದರಲ್ಲಿ ಶೆಲ್ ಮತ್ತು ಬಿಪಿ ಕಂಪನಿಗಳ ದಕ್ಷಿಣ ಆಫ್ರಿಕಾ ಅಂಗಸಂಸ್ಥೆಗಳ ತೈಲವೂ ಇತ್ತು. ಬ್ರಿಟನ್ನಿನ ಆದೇಶ ಬ್ರಿಟಿಷ್ ಕಂಪನಿಗಳಿಗೆ, ಇವು ದಕ್ಷಿಣ ಆಫ್ರಿಕಾದ ಕಂಪನಿಗಳು, ಅಷ್ಟೇ ವಾದ. 1968ರಲ್ಲಿ ಇದು ಸ್ವಲ್ಪ ಮುಜುಗರ ಅನ್ನಿಸಿದಾಗ ಹೊಸ ಏರ್ಪಾಡು ಮಾಡಿದರು. ರೊಡೇಷಿಯಾಕ್ಕೆ ಫ್ರಾನ್ಸಿನ ಟೋಟಾಲ್‌ನವರು ತೈಲ ಕೊಡುವುದು, ಅಷ್ಟೇ ತೈಲವನ್ನು ಟೋಟಾಲ್‌ಗೆ ದಕ್ಷಿಣ ಆಫ್ರಿಕಾದೊಳಗೆ ಇವರು ಕೊಡುವುದು. ಪುಸ್ತಕದಲ್ಲಿ ನೋಡಿದರೆ ಬ್ರಿಟಿಷ್ ತೈಲ ಒಂದು ಹನಿಯೂ ಹೋಗಿಲ್ಲ. ಲಂಡನ್ನಿನ ಮಂತ್ರಿಗಳಿಗೂ ಗೊತ್ತಿತ್ತು ಅಂತ 1978ರ ಬಿಂಗಮ್ ವರದಿ ಬಂದಾಗ ಹೊರಬಿತ್ತು. ಯಾರ ಮೇಲೂ ಮೊಕದ್ದಮೆ ಆಗಲಿಲ್ಲ. ಆ ಹಡಗುಗಳ ಮೇಲೆ ಬಿಸಿಲಲ್ಲಿ ನಿಂತ ನಾವಿಕರನ್ನು ನೆನೆದರೆ ನನಗೆ ನಗಬೇಕೋ ಅಳಬೇಕೋ ಗೊತ್ತಾಗುವುದಿಲ್ಲ.

ಸರಿ, ಹ್ಯೂಸ್ಟನ್‌ಗೆ ವಾಪಸ್ ಬರೋಣ.

ಈ ಕಿಂಡಿ ಮುಚ್ಚಲು ಹಟ ಹಿಡಿದವರು ನ್ಯೂಜೆರ್ಸಿಯ ಸೆನೆಟರ್ ಫ್ರಾಂಕ್ ಲಾಟನ್‌ಬರ್ಗ್. 2004ರಲ್ಲಿ ತಿದ್ದುಪಡಿ ತಂದರು, ಕೂದಲೆಳೆ ಅಂತರದಲ್ಲಿ ಬಿತ್ತು. 2005ರಲ್ಲಿ ಮತ್ತೆ ತಂದರು, ಮತ್ತೆ ಬಿತ್ತು. 2007ರಲ್ಲಿ ಸಂಸತ್ತು ದಂಡದ ಮೊತ್ತವನ್ನು ಏರಿಸಿತು, ಅಂಗಸಂಸ್ಥೆಯ ಕಿಂಡಿಯನ್ನು ಮಾತ್ರ ಮುಟ್ಟಲಿಲ್ಲ. ಇದು ಒಳ್ಳೆ ತಮಾಷೆ. ಬಾಗಿಲು ತೆರೆದೇ ಇರಲಿ, ಬೀಗ ಮಾತ್ರ ದಪ್ಪ ಇರಲಿ ಅಂದ ಹಾಗೆ.

ಅಷ್ಟರಲ್ಲಿ ಕೆಲಸ ಮಾಡಿದ್ದು ಕಾನೂನಲ್ಲ, ಷೇರುದಾರರು. ನ್ಯೂಯಾರ್ಕ್ ನಗರದ ಪೊಲೀಸರ ಮತ್ತು ಅಗ್ನಿಶಾಮಕ ದಳದವರ ಪಿಂಚಣಿ ದುಡ್ಡು ಈ ಕಂಪನಿಗಳ ಷೇರಿನಲ್ಲಿತ್ತು. ನಗರದ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದ ವಿಲಿಯಂ ಥಾಂಪ್ಸನ್, ಹ್ಯಾಲಿಬರ್ಟನ್, ಜನರಲ್ ಎಲೆಕ್ಟ್ರಿಕ್, ಕೊನೊಕೊಫಿಲಿಪ್ಸ್ ಮೂವರನ್ನೂ ಹಿಡಿದು ಕೇಳತೊಡಗಿದರು. 2001ರ ಸೆಪ್ಟೆಂಬರ್‌ನಲ್ಲಿ ನೂರಾರು ಸಹೋದ್ಯೋಗಿಗಳನ್ನು ಕಳೆದುಕೊಂಡ ಫೈರ್‌ಮನ್‌ಗಳ ಪಿಂಚಣಿ ಎಲ್ಲಿ ಹೋಗುತ್ತಿದೆ ಅನ್ನುವ ಪ್ರಶ್ನೆಗೆ ಯಾವ ಕಂಪನಿ ವಕೀಲನ ಹತ್ತಿರ ಉತ್ತರ ಇರುತ್ತದೆ? 2005ರ ಜನವರಿಯಲ್ಲಿ ಹ್ಯಾಲಿಬರ್ಟನ್, ಇರಾನ್ ಬಿಡುತ್ತೇವೆ, ಆದರೆ ಒಪ್ಪಿಕೊಂಡ ಕೆಲಸ ಮುಗಿಸಿ ಅಂದಿತು. ಮುಗಿಸಿ ಹೊರಗೆ ಬಂದದ್ದು 2007ರಲ್ಲಿ.

ಕಾನೂನು ಬದಲಾಗಲು ಇನ್ನೂ ಐದು ವರ್ಷ ಬೇಕಾಯಿತು. 2012ರ ಆಗಸ್ಟ್ 10ರಂದು ಬರಾಕ್ ಒಬಾಮಾ ಸಹಿ ಹಾಕಿದ ಇರಾನ್ ಕಾನೂನಿನ 218ನೇ ಸೆಕ್ಷನ್‌ನಲ್ಲಿ ಆ ಕಿಂಡಿ ಮುಚ್ಚಿತು. 1995ರಿಂದ ಲೆಕ್ಕ ಹಾಕಿ, ಹದಿನೇಳು ವರ್ಷ. ಲಾಟನ್‌ಬರ್ಗ್ ಅದನ್ನು ನೋಡಿದರು, ಮರುವರ್ಷ ಜೂನ್‌ನಲ್ಲಿ ತೀರಿಕೊಂಡರು.

ನನಗೆ ಆ ಸೆಕ್ಷನ್ ಬರೆದ ರೀತಿ ಇಷ್ಟ. ಕೆನಡಾದಲ್ಲಿ ಆದ ಹಾಗೆ ವಿದೇಶಿ ಕಂಪನಿಯ ಕೊರಳಪಟ್ಟಿ ಹಿಡಿಯಲು ಅದು ಹೋಗುವುದಿಲ್ಲ. ಅಂಗಸಂಸ್ಥೆ ತಪ್ಪು ಮಾಡಿದರೆ ದಂಡ ಅಮೆರಿಕದಲ್ಲಿ ಕೂತಿರುವ ಮಾತೃಸಂಸ್ಥೆಗೆ. ದುಬೈಯಲ್ಲಿ ಏನಾದರೂ ಮಾಡಿಕೋ, ಬಿಲ್ ಮಾತ್ರ ಹ್ಯೂಸ್ಟನ್‌ಗೆ ಬರುತ್ತದೆ. ಎರಡನೆಯದು, ಅಂಗಸಂಸ್ಥೆ ಅಂದರೆ ಯಾವುದು ಅಂತ ಹೇಳುವಾಗ ಬರೀ ಷೇರು ಲೆಕ್ಕ ಮಾತ್ರ ಹಾಕಲಿಲ್ಲ. ಅರ್ಧಕ್ಕಿಂತ ಜಾಸ್ತಿ ಷೇರು ಇದ್ದರೂ ಸರಿ, ಬೋರ್ಡಿನಲ್ಲಿ ಹೆಚ್ಚು ಕುರ್ಚಿ ಇದ್ದರೂ ಸರಿ, ಎರಡೂ ಇಲ್ಲದೆ ಕೆಲಸ, ನೀತಿ, ನೇಮಕ ಎಲ್ಲ ನಿಮ್ಮ ಮಾತಿನಂತೆಯೇ ನಡೆಯುತ್ತಿದ್ದರೂ ಸರಿ, ಅದು ನಿಮ್ಮದೇ. 51 ಇದ್ದದ್ದನ್ನು 49 ಮಾಡಿ ಕೈ ತೊಳೆದುಕೊಳ್ಳುವ ದಾರಿಯೂ ಹೋಯಿತು. ಆರು ತಿಂಗಳು ಟೈಮು ಕೊಟ್ಟರು. 2013ರ ಫೆಬ್ರವರಿ 6ರೊಳಗೆ ಆ ಅಂಗಸಂಸ್ಥೆಯನ್ನು ಮಾರಿಬಿಡು ಅಥವಾ ಇರಾನ್ ಬಿಡು. ಪಕ್ಕದ 219ನೇ ಸೆಕ್ಷನ್, ಷೇರುಪೇಟೆಯಲ್ಲಿರುವ ಕಂಪನಿಗಳು ಇರಾನ್ ಜೊತೆ ಮಾಡಿದ ಕೆಲವು ಬಗೆಯ ವ್ಯವಹಾರಗಳನ್ನು ತಮ್ಮ ವರದಿಯಲ್ಲಿ ಬರೆಯಲೇಬೇಕು ಅಂದಿತು. ದಂಡಕ್ಕಿಂತ ಇದೇ ಜಾಸ್ತಿ ಹೆದರಿಸಿದ್ದು ಅಂತ ನನ್ನ ಅಂದಾಜು.

ಆಮೇಲೆ ನಾಟಕದ ಪಾತ್ರಗಳು ಬದಲಾದವು. ಮೊದಲು ಹೆಡ್ ಆಫೀಸೇ ಅಂಗಸಂಸ್ಥೆಯ ಹಿಂದೆ ಅಡಗುತ್ತಿತ್ತು. ಈಗ ಅಂಗಸಂಸ್ಥೆ ಹೆಡ್ ಆಫೀಸಿನಿಂದ ಅಡಗತೊಡಗಿತು. ಸ್ಟ್ಯಾನ್ಲಿ ಬ್ಲ್ಯಾಕ್ ಆ್ಯಂಡ್ ಡೆಕರ್ ಗೊತ್ತಲ್ಲ, ಡ್ರಿಲ್ಲಿಂಗ್ ಮೆಷಿನ್ ಮಾಡುವವರು. ಚೀನಾದ ಒಂದು ಟೂಲ್ಸ್ ಕಂಪನಿಯನ್ನು ಕೊಂಡುಕೊಂಡರು. ಇರಾನ್ ವ್ಯಾಪಾರ ನಿಲ್ಲಿಸುತ್ತೇವೆ ಅಂತ ಮೊದಲೇ ಬರೆಸಿಕೊಂಡಿದ್ದರು. ಆದರೂ 2013 ಮತ್ತು 2014ರಲ್ಲಿ ಯುಎಇ, ಚೀನಾಗಳ ಟ್ರೇಡಿಂಗ್ ಕಂಪನಿಗಳನ್ನು ನಡುವೆ ಇಟ್ಟುಕೊಂಡು 23 ಸಲ ಇರಾನಿಗೆ ಮಾಲು ಹೋಯಿತು. ಬಿಎಲ್‌ನಲ್ಲಿ ಇಳಿಸುವ ಬಂದರು ಸುಳ್ಳು. ಕಾಗದದಲ್ಲಿ ಇರಾನ್ ಅಂತ ಬರೆಯಬೇಡಿ ಅಂತ ಗಿರಾಕಿಗಳಿಗೂ ಹೇಳಿದ್ದರು. ಓದುವಾಗ ನಮ್ಮ ದುಬೈ ಟ್ರೇಡರ್ ನೆನಪಾಗದೆ ಇರುತ್ತಾನಾ? 2019ರಲ್ಲಿ ಸ್ಟ್ಯಾನ್ಲಿ ಸುಮಾರು 18.7 ಲಕ್ಷ ಡಾಲರ್ ಕಟ್ಟಿ ಕೈತೊಳೆದುಕೊಂಡಿತು.

ಇನ್ನೊಂದು ಇದಕ್ಕಿಂತ ಚೆಂದ. ವಾರನ್ ಬಫೆಟ್ ಅವರ ಬರ್ಕ್‌ಶೈರ್ ಹ್ಯಾಥವೇ. ಅದರ ಕೈಕೆಳಗೆ ಇಸ್ಕಾರ್, ಲೋಹ ಕತ್ತರಿಸುವ ಟೂಲ್ಸ್ ಮಾಡುವ ಇಸ್ರೇಲಿ ಕಂಪನಿ. ಅದರ ಕೈಕೆಳಗೆ ಟರ್ಕಿಯ ಒಂದು ಅಂಗಸಂಸ್ಥೆ. ಆ ಟರ್ಕಿಯವರು 144 ಸಲ ಇರಾನಿಗೆ ಹೋಗುವ ಮಾಲು ಮಾರಿದ್ದರು. ಇಸ್ರೇಲಿ ಕಂಪನಿಯ ಟೂಲ್ಸ್, ಇರಾನಿಗೆ! ಮೇಲಿನವರಿಗೆ ಗೊತ್ತಾಗದ ಹಾಗೆ ಮುಚ್ಚಿಟ್ಟಿದ್ದರು. 2020ರಲ್ಲಿ ಬರ್ಕ್‌ಶೈರ್ ಸುಮಾರು 41 ಲಕ್ಷ ಡಾಲರ್ ಕಟ್ಟಿತು. ನನಗೆ ಗೊತ್ತಿರಲಿಲ್ಲ ಅನ್ನುವುದು ಈಗ ಪೂರ್ತಿ ಉತ್ತರ ಅಲ್ಲ. ಒಂದು ಬೀಗ ಕೆಲಸ ಮಾಡುತ್ತಿದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ, ಅಲ್ವಾ?

ಈಗ ನನ್ನ ಮಾತಿಗೆ ನಿಜವಾದ ಸಾಕ್ಷಿ. 2016ರ ಜನವರಿ 16. ಇರಾನ್ ಅಣು ಒಪ್ಪಂದ ಜಾರಿಗೆ ಬಂದ ದಿನ. ಅವತ್ತೇ ಅಮೆರಿಕದ ಖಜಾನೆ ಇಲಾಖೆ 'ಜನರಲ್ ಲೈಸೆನ್ಸ್ ಎಚ್' ಅಂತ ಒಂದು ಕಾಗದ ಹೊರಡಿಸಿತು. ಅಮೆರಿಕದ ಕಂಪನಿಗಳ ವಿದೇಶಿ ಅಂಗಸಂಸ್ಥೆಗಳು ಇರಾನ್ ಜೊತೆ ವ್ಯಾಪಾರ ಮಾಡಬಹುದು. ಅದಕ್ಕಾಗಿ ಹೆಡ್ ಆಫೀಸು ತನ್ನ ನಿಯಮ ಬದಲಾಯಿಸಿಕೊಳ್ಳಬಹುದು. ಮನುಷ್ಯರು ಕೈ ಹಾಕದೆ ತಾನಾಗಿ ನಡೆಯುವ ಕಂಪ್ಯೂಟರ್ ವ್ಯವಸ್ಥೆ ಇದ್ದರೆ ಅದನ್ನೂ ಅಂಗಸಂಸ್ಥೆಗೆ ಬಳಸಲು ಕೊಡಬಹುದು. ಹದಿನೇಳು ವರ್ಷ ಲೋಪ ಲೋಪ ಅಂತ ಬೈಸಿಕೊಂಡ ಅದೇ ಕಿಂಡಿ, ಈ ಸಲ ಸರ್ಕಾರಿ ಮೊಹರಿನ ಜೊತೆ. 2018ರ ಮೇ ತಿಂಗಳಲ್ಲಿ ಡೊನಾಲ್ಡ್ ಟ್ರಂಪ್ ಒಪ್ಪಂದದಿಂದ ಹೊರಬಂದರು, ಲೈಸೆನ್ಸ್ ಹೋಯಿತು, ನವೆಂಬರ್ 4ರೊಳಗೆ ಎಲ್ಲ ಕಟ್ಟಿಕೊಂಡು ಹೊರಡಿ ಅಂದರು. ಇದು ಗೋಡೆಯ ಬಿರುಕಲ್ಲ, ಕದ. ಬೇಕಾದಾಗ ತೆಗೆಯುತ್ತಾರೆ, ಬೇಡವಾದಾಗ ಹಾಕುತ್ತಾರೆ.

ಇದೆಲ್ಲ ದೂರದ ಮಾತು ಅನ್ನಿಸಿದರೆ ನಮ್ಮ ಮಂಗಳೂರಿಗೆ ಬನ್ನಿ. ಪಣಂಬೂರು ಬೀಚಿನಲ್ಲಿ ಸಂಜೆ ನಿಂತರೆ ದೂರದಲ್ಲಿ ಟ್ಯಾಂಕರ್‌ಗಳು ಕಾಣುತ್ತವೆ. ಅಲ್ಲಿಯ ರಿಫೈನರಿ ಎಂಆರ್‌ಪಿಎಲ್ ಒಂದು ಕಾಲಕ್ಕೆ ಭಾರತದಲ್ಲಿ ಇರಾನಿನ ಕಚ್ಚಾತೈಲದ ಅತಿ ದೊಡ್ಡ ಗಿರಾಕಿಗಳಲ್ಲಿ ಒಂದು. 2010ರ ಡಿಸೆಂಬರ್‌ನಲ್ಲಿ ರಿಸರ್ವ್ ಬ್ಯಾಂಕು ಏಷ್ಯನ್ ಕ್ಲಿಯರಿಂಗ್ ಯೂನಿಯನ್ (ಏಷ್ಯಾದ ಕೆಲವು ದೇಶಗಳ ಸೆಂಟ್ರಲ್ ಬ್ಯಾಂಕುಗಳು ತಮ್ಮೊಳಗೆ ಲೆಕ್ಕ ಚುಕ್ತಾ ಮಾಡುವ ಏರ್ಪಾಡು) ಮೂಲಕ ದುಡ್ಡು ಕಟ್ಟುವ ದಾರಿ ನಿಲ್ಲಿಸಿತು. ತೈಲ ಬರುತ್ತಿದೆ, ದುಡ್ಡು ಕಳಿಸಲು ದಾರಿ ಇಲ್ಲ. ಮೊದಲು ಜರ್ಮನಿಯ ಹ್ಯಾಂಬರ್ಗಿನ ಒಂದು ಬ್ಯಾಂಕ್, ಅದೂ ಮುಚ್ಚಿದ ಮೇಲೆ 2011ರಲ್ಲಿ ಟರ್ಕಿಯ ಹಾಲ್ಕ್‌ಬ್ಯಾಂಕ್. 2012ರಿಂದ ಬಿಲ್ಲಿನ 45 ಪರ್ಸೆಂಟ್ ರೂಪಾಯಿಯಲ್ಲಿ, ಯೂಕೋ ಬ್ಯಾಂಕಿನ ಖಾತೆಗೆ. ಯೂಕೋನೇ ಯಾಕೆ ಅಂದರೆ ಅಮೆರಿಕದಲ್ಲಿ ಕಳೆದುಕೊಳ್ಳುವಂಥದ್ದು ಅದಕ್ಕೆ ಹೆಚ್ಚೇನೂ ಇರಲಿಲ್ಲ. ಆ ರೂಪಾಯಿಯಲ್ಲಿ ಇರಾನ್ ನಮ್ಮಿಂದ ಬಾಸುಮತಿ, ಚಹಾ, ಔಷಧಿ ಕೊಂಡಿತು. 2013ರಲ್ಲಿ ಎಂಆರ್‌ಪಿಎಲ್‌ಗೆ ಇನ್ನೊಂದು ಕಡೆಯಿಂದ ಏಟು ಬಿತ್ತು. ಇರಾನಿನ ತೈಲ ಸಂಸ್ಕರಿಸಿದರೆ ರಿಫೈನರಿಗೇ ವಿಮೆ ಸಿಗುವುದಿಲ್ಲ ಅನ್ನುವ ಪರಿಸ್ಥಿತಿ, ಯಾಕೆಂದರೆ ಇಲ್ಲಿಯ ವಿಮೆಗೆ ಬೆನ್ನಿಗೆ ನಿಂತವರು ಯುರೋಪಿನವರು. ಕೆಲವು ತಿಂಗಳು ಇರಾನ್ ತೈಲ ನಿಂತೇ ಹೋಯಿತು.

ಇದು ಕಳ್ಳದಾರಿಯಾ? ನನ್ನ ಪ್ರಕಾರ ಅಲ್ಲ. ಭಾರತ ಒಪ್ಪುವುದು ವಿಶ್ವಸಂಸ್ಥೆಯ ನಿರ್ಬಂಧ ಮಾತ್ರ, ಒಂದು ದೇಶ ತಾನಾಗಿ ಹಾಕಿದ್ದನ್ನಲ್ಲ. ಇಷ್ಟಕ್ಕೂ ಅಮೆರಿಕದ ಕಾನೂನಿನಲ್ಲೇ, ಇರಾನ್ ತೈಲ ಕಡಿಮೆ ಮಾಡುತ್ತಾ ಬಂದ ದೇಶಗಳಿಗೆ ವಿನಾಯಿತಿ ಇತ್ತು, 2012ರ ಜೂನ್‌ನಲ್ಲಿ ಭಾರತಕ್ಕೆ ಅದು ಸಿಕ್ಕಿತು.

ಆದರೆ ಅದೇ ಹಾಲ್ಕ್‌ಬ್ಯಾಂಕಿನಲ್ಲಿ ಇನ್ನೊಂದು ಆಟ ನಡೆಯುತ್ತಿತ್ತು, ಅದು ಬೇರೆ. ಟರ್ಕಿ ಇರಾನಿನಿಂದ ಗ್ಯಾಸ್ ಕೊಳ್ಳುತ್ತದೆ, ದುಡ್ಡು ಲಿರಾದಲ್ಲಿ ಹಾಲ್ಕ್‌ಬ್ಯಾಂಕಿನಲ್ಲಿ ಬೀಳುತ್ತದೆ, ಹೊರಗೆ ತೆಗೆಯಲು ಬರುವುದಿಲ್ಲ. ಹಾಗಾದರೆ ಚಿನ್ನ ಕೊಳ್ಳಿ! ಇರಾನ್ ಸರ್ಕಾರಕ್ಕೆ ಚಿನ್ನ ಮಾರಬಾರದು ಅಂತ ಅಮೆರಿಕ 2012ರ ಜುಲೈನಲ್ಲಿ ಹೇಳಿತ್ತು, ಖಾಸಗಿ ಇರಾನಿಗಳಿಗೆ ಮಾರಬಾರದು ಅಂತ ಹೇಳಿರಲಿಲ್ಲ. ಸೂಟ್‌ಕೇಸುಗಳಲ್ಲಿ ಚಿನ್ನ ವಿಮಾನ ಹತ್ತಿತು. ಆ ದಾರಿ ಮುಚ್ಚುವ ಕಾನೂನಿಗೆ 2013ರ ಜನವರಿಯಲ್ಲಿ ಸಹಿ ಬಿತ್ತು, ಜಾರಿಯಾಗಿದ್ದು ಜುಲೈ 1ಕ್ಕೆ. ಆರು ತಿಂಗಳ ಬಾಗಿಲು! ಆ ಚಿನ್ನದ ವ್ಯಾಪಾರಿ ರೆಜಾ ಜರ್ರಾಬ್ 2016ರಲ್ಲಿ ಅಮೆರಿಕದಲ್ಲಿ ಸಿಕ್ಕಿಬಿದ್ದು, 2017ರಲ್ಲಿ ನ್ಯೂಯಾರ್ಕ್ ಕೋರ್ಟಿನಲ್ಲಿ ಎಲ್ಲ ಬಾಯಿಬಿಟ್ಟ. ಚಿನ್ನದ ದಾರಿ ಮುಚ್ಚಿದ ಮೇಲೆ ಆಹಾರ, ಔಷಧಿಗೆ ಇದ್ದ ರಿಯಾಯಿತಿಗೆ ಕೈ ಹಾಕಿದ್ದರು. ಇಲ್ಲದ ಆಹಾರಕ್ಕೆ ಕಾಗದ ಸೃಷ್ಟಿ ಮಾಡುವುದು. ಗೋಧಿ ಎಲ್ಲಿಯದು ಅಂದರೆ ದುಬೈಯದು ಅಂತ ಬರೆದಿದ್ದರಂತೆ. ದುಬೈಯಲ್ಲಿ ಗೋಧಿ! ಕಾಗದ ಮಾಡುವ ಕೆಲಸದವನಾಗಿ ಹೇಳುತ್ತೇನೆ, ಆ ಸರ್ಟಿಫಿಕೇಟ್ ಮಾಡಿದವನಿಗೆ ಸಂಬಳ ಕಡಿಮೆ ಇದ್ದಿರಬೇಕು.

ಈಗಿನ ಕಥೆ ರಷ್ಯಾದ್ದು. ಅದರಲ್ಲೂ ಅದೇ ಹಳೇ ಸರಕು. ಯುರೋಪಿನ ನಿರ್ಬಂಧಗಳು ಯುರೋಪಿನ ಕಂಪನಿಗಳಿಗೆ ಮಾತ್ರ, ಹೊರಗಿನ ಅಂಗಸಂಸ್ಥೆಗಳಿಗಲ್ಲ. 2024ರ ಜೂನ್‌ನಲ್ಲಿ ಒಂದು ಹೊಸ ವಿಧಿ ಸೇರಿಸಿದರು. ಹೊರದೇಶದ ಅಂಗಸಂಸ್ಥೆ ನಿರ್ಬಂಧಕ್ಕೆ ಧಕ್ಕೆ ತರದ ಹಾಗೆ ಮಾತೃಸಂಸ್ಥೆ 'ಕೈಲಾದ ಎಲ್ಲ ಪ್ರಯತ್ನ' ಮಾಡಬೇಕು. ಕೈಲಾದದ್ದು ಎಷ್ಟು ಅಂತ ಅಳೆಯುವವರು ಯಾರು? ಅಮೆರಿಕದ 218ರ ಪಕ್ಕ ಇಟ್ಟು ನೋಡಿ. ಅಲ್ಲಿ ಪ್ರಯತ್ನದ ಮಾತೇ ಇಲ್ಲ, ಆಯಿತೋ ಇಲ್ಲವೋ ಅಷ್ಟೇ. ಯುರೋಪಿನವರು ಗಟ್ಟಿಯಾಗಿ ಬರೆಯಲು ಹೋದರೆ ಅಮೆರಿಕ ಹೀಗೆ ಮಾಡಿದಾಗ ತಾವು ದಶಕಗಟ್ಟಲೆ ಬೈದದ್ದನ್ನು ನುಂಗಿಕೊಳ್ಳಬೇಕು. ಅದಕ್ಕೇ ಮೆತ್ತಗೆ ಬರೆದಿದ್ದಾರೆ.

ತೈಲದಲ್ಲಿ ಮಾತ್ರ ಗಟ್ಟಿಯಾದರು. ರಷ್ಯಾದ ಕಚ್ಚಾತೈಲವನ್ನು ಸಮುದ್ರದ ಮೂಲಕ ತರಿಸುವುದನ್ನು ಯುರೋಪ್ 2022ರ ಡಿಸೆಂಬರ್‌ನಲ್ಲೇ ನಿಲ್ಲಿಸಿತ್ತು. ಆದರೆ ಅದೇ ತೈಲ ಬೇರೆ ದೇಶದಲ್ಲಿ ಡೀಸೆಲ್ ಆಗಿ ಬಂದರೆ ಅದು ಆ ದೇಶದ ಡೀಸೆಲ್. ಗುಜರಾತಿನ ರಿಫೈನರಿಗಳು ಇದರಲ್ಲಿ ಚೆನ್ನಾಗಿ ದುಡಿದವು, ಯುರೋಪಿನ ಲಾರಿಗಳೂ ಓಡಿದವು. ಎರಡೂ ಕಡೆಯವರಿಗೆ ಬೇಕಾಗಿತ್ತು, ಯಾರೂ ಕೂಗಾಡಲಿಲ್ಲ. 2025ರ ಜುಲೈ 18ರಂದು ಅದನ್ನೂ ಮುಚ್ಚಿದರು, ಜಾರಿ ದಿನ 2026ರ ಜನವರಿ 21. ಜಾಮ್‌ನಗರದಲ್ಲಿ ರಿಲಯನ್ಸ್‌ನವರದು ಒಂದೇ ಕಡೆ ಎರಡು ರಿಫೈನರಿ, ಒಂದು ದೇಶದೊಳಗಿನ ಮಾರುಕಟ್ಟೆಗೆ, ಇನ್ನೊಂದು ರಫ್ತಿಗೆ ಅಂತಲೇ ಎಸ್ಇಜೆಡ್‌ನಲ್ಲಿ. 2025ರ ನವೆಂಬರ್ 20ರಿಂದ ರಫ್ತಿನ ರಿಫೈನರಿಗೆ ರಷ್ಯಾ ತೈಲ ನಿಲ್ಲಿಸಿದ್ದೇವೆ ಅಂತ ಅವರು ಹೇಳಿದರು. ಒಂದೇ ಕಾಂಪೌಂಡಿನಲ್ಲಿ ಎರಡು ಒಲೆ, ಎರಡು ಪಾತ್ರೆ. ಮತ್ತೆ ಮಡಿ ನೆನಪಾಗುತ್ತದೆ.

ಅದೇ 2025ರ ಸೆಪ್ಟೆಂಬರ್ 29ರಂದು ಅಮೆರಿಕದ ವಾಣಿಜ್ಯ ಇಲಾಖೆ ಇನ್ನೊಂದು ನಿಯಮ ತಂದಿತು. ಕಪ್ಪುಪಟ್ಟಿಯಲ್ಲಿರುವ ಕಂಪನಿಗೆ ಅರ್ಧ ಅಥವಾ ಅದಕ್ಕಿಂತ ಜಾಸ್ತಿ ಪಾಲು ಇರುವ ಕಂಪನಿಗಳೂ ತಾವಾಗಿ ಕಪ್ಪುಪಟ್ಟಿಗೆ. ಇದು ವರ್ಷಗಳಿಂದ ಎಲ್ಲರೂ ಕೇಳುತ್ತಿದ್ದ ಬೀಗ. ಒಂದು ತಿಂಗಳಲ್ಲಿ ಟ್ರಂಪ್ ಮತ್ತು ಷಿ ಜಿನ್‌ಪಿಂಗ್ ಕೊರಿಯಾದ ಬುಸಾನ್‌ನಲ್ಲಿ ಕೂತು ಮಾತಾಡಿದರು. ನವೆಂಬರ್ 10ರಿಂದ ಒಂದು ವರ್ಷ ಆ ನಿಯಮಕ್ಕೆ ರಜೆ. ಬೀಗ ಹಾಕಿ ಆರು ವಾರಕ್ಕೆ ಕೀಲಿಯನ್ನು ಮೇಜಿನ ಮೇಲೆ ಇಟ್ಟು ಚೌಕಾಸಿ ಮಾಡಿದರು.

ನಮ್ಮ ಪೀಣ್ಯದ ಆರ್ಡರ್ ವಿಷಯ ಹೇಳುತ್ತೇನೆ ಅಂದಿದ್ದೆ. ಓನರ್ ಒಪ್ಪಿದ್ದರು, ಪ್ರೊಫಾರ್ಮಾ ಕಳಿಸು ಅಂದಿದ್ದರು. ಕಳಿಸಿದೆ. ಅಡ್ವಾನ್ಸ್ ಬಂದಾಗ ಬ್ಯಾಂಕಿನವರು ಹಿಡಿದರು, ಈ ಮಾಲು ಕೊನೆಗೆ ಯಾರು ಬಳಸುತ್ತಾರೆ ಅಂತ ಎಂಡ್ ಯೂಸರ್ ಸರ್ಟಿಫಿಕೇಟ್ ತನ್ನಿ ಅಂದರು. ದುಬೈಯವನು ಕೊಡಲಿಲ್ಲ. ಎರಡು ವಾರ ಫೋನ್ ಎತ್ತಲಿಲ್ಲ, ಆಮೇಲೆ ದುಡ್ಡು ವಾಪಸ್ ಕಳಿಸಿ ಅಂದ. ಓನರ್ ನನ್ನ ಮೇಲೆ ಸಿಟ್ಟಾದರು, ನೀನೇ ಬ್ಯಾಂಕಿನವರಿಗೆ ಹೇಳಿಕೊಟ್ಟಿರಬೇಕು ಅಂತ. ನಾನು ಹೇಳಿರಲಿಲ್ಲ. ಹೇಳಬೇಕಿತ್ತಾ ಅಂತ ಈಗಲೂ ಕೆಲವು ಸಲ ಯೋಚನೆ ಬರುತ್ತದೆ.

ಒಂದು ತಿಂಗಳಾದ ಮೇಲೆ ನಮ್ಮ ಮಾಲು ಸಾಗಿಸುವ ಟೆಂಪೋ ಡ್ರೈವರ್ ಟೀ ಕುಡಿಯುತ್ತಾ ಹೇಳಿದ, ಹಿಂದಿನ ರಸ್ತೆಯ ಶೆಡ್ಡಿನಿಂದ ಎರಡು ಪ್ಯಾಲೆಟ್ ಎತ್ತಿದೆ ಸರ್, ಅದೇ ವಾಲ್ವ್ ಪಾರ್ಟು, ಪೆಟ್ಟಿಗೆ ಮೇಲೆ ಒಂದು ಅಕ್ಷರವೂ ಇರಲಿಲ್ಲ ಅಂತ.